ಗುಂಡು

ಕುರಿಯ ಎರಡನೆಯ ಹೊಟ್ಟೆ ಜೇನುತಟ್ಟಿಯ ಹಾಗಿರುತ್ತದೆ.
ಸೀಳಿ, ತಿರುವಿ, ಬೆರಳಾಡಿಸಿದರೆ
ಕೆಲವೊಮ್ಮೆ ಸಿಗುತ್ತದೆ ಒಂದು ಗುಂಡು,
ಕಿರುಬೆರಳ ತುದಿಯಷ್ಟು, ಕಪ್ಪು,
ಗಾತ್ರ ಮೀರಿದ ಭಾರ.

ನ್ಯಾರಕೂರ್ಟಿನ ಕಸಾಯಿಖಾನೆಯಲ್ಲಿ
ಮಾಂಸ ತಪಾಸಣೆ ನನ್ನ ಕೆಲಸ.
ಬೀದರಿನಲ್ಲಿ ದನದ ಡಾಕ್ಟರಿಕೆ ಕಲಿತವಳು
ಇಲ್ಲಿ ಸತ್ತವುಗಳ ನಾಡಿ ನೋಡುತ್ತೇನೆ.
ಮೊದಲ ವಾರ ಗುಂಡು ಕಂಡು ಕೂಗಿದ್ದೆ,
"ಯಾರೋ ಹೊಡೆದಿದ್ದಾರೆ ಇದಕ್ಕೆ!"
ಸಾಲಿಗೆ ಸಾಲೇ ಚಾಕು ನಿಲ್ಲಿಸಿ ನಕ್ಕಿತು.

ನಗದೆ ಹೇಳಿದವನು ಕ್ಲೆಮ್ ಹ್ಯಾರಪ್,
ರೋಬ್ ಊರಿನ ಕಡಲಂಚಿನ ಕುರಿಗಾರ,
ಎಂಬತ್ತೊಂದು ವರ್ಷ, ಬಲಗಿವಿ ಮಂದ:
"ಕೋಬಾಲ್ಟ್ ಕಣಮ್ಮಾ. ಹೊಡೆದದ್ದಲ್ಲ, ನುಂಗಿಸಿದ್ದು."

ಒಂದು ಭಾನುವಾರ ಅವನ ನೆಲಕ್ಕೆ ಹೋದೆ.
ಮಣ್ಣಲ್ಲ ಅದು, ಕಡಲು ಅರೆದಿಟ್ಟ ಚಿಪ್ಪು.
ಮೇಲೆ ಮೊಣಕಾಲೆತ್ತರ ಹುಲ್ಲು, ಹಸಿರೆಂದರೆ ಹಸಿರು.
ಅವನಜ್ಜನ ಕಾಲಕ್ಕೆ
ಅದೇ ಹುಲ್ಲಿನ ನಡುವೆ ನಿಂತು
ಮೇಯುತ್ತ, ಮೇಯುತ್ತಲೇ ಬಡಕಲಾಗಿ,
ಕಣ್ಣಲ್ಲಿ ನೀರು ಸುರಿಸಿಕೊಂಡು
ಸಾಯುತ್ತಿದ್ದವಂತೆ.
ಉಪ್ಪುಗಾಳಿ ಅಂದರು. ಕಡಲ ರೋಗ ಅಂದರು.
ಅಜ್ಜಿ ದೇವರ ಸಿಟ್ಟು ಅಂದಳು, ಅಜ್ಜ ದೇವರನ್ನೇ ಬಯ್ದ.
ಒಳನಾಡಿಗೆ ಮೂರು ತಿಂಗಳು ಅಟ್ಟಿದರೆ ಚಿಗಿತುಕೊಳ್ಳುತ್ತಿದ್ದವು.
ಮರಳಿದರೆ ಮತ್ತೆ ಅದೇ.

ಇಲ್ಲದ್ದು ಎಷ್ಟು? ದಿನಕ್ಕೆ
ಸಾಸಿವೆ ಕಾಳನ್ನು ಇಪ್ಪತ್ತು ಪಾಲು ಮಾಡಿ
ಅದರಲ್ಲೊಂದು.
ಅಷ್ಟಿಲ್ಲದೆ ಮಂದೆಗೆ ಮಂದೆ ಮಣ್ಣು.

ಕುರಿಯ ಗಂಟಲಿಗೆ ಕೊಳವೆಯಿಟ್ಟು ಕ್ಲೆಮ್ ತೋರಿಸಿದ:
ಗುಂಡು ಒಂದು, ಜೊತೆಗೊಂದು ತಿರುಪುಮೊಳೆ.
ಮೊಳೆ ಯಾಕೆ?
ಗುಂಡಿನ ಮೇಲೆ ಸುಣ್ಣ ಕಟ್ಟುತ್ತದೆ,
ಉಜ್ಜಲು ಯಾರಾದರೂ ಬೇಕಲ್ಲ.
ಒರಳು ಕಲ್ಲಿನ ಹಾಗೆ ಕತ್ತಲಲ್ಲಿ
ಎರಡೂ ತಿಕ್ಕಾಡಿಕೊಂಡು ವರ್ಷಗಟ್ಟಲೆ.
"ಮದುವೆ ಅಂದರೂ ಇಷ್ಟೇ," ಅಂದ.
"ಮೊಳೆ ಯಾರಂತೆ, ಕೇಳು!" ಅಡುಗೆಮನೆಯಿಂದ
ಈನಿಡ್ ಕೂಗಿದಳು.

ಅವಳ ಚಹಾ ಹೂಜಿಯ ನೀಲಿ ಅದೇ ಲೋಹವಂತೆ.
ಮಗಳ ಕಾರಿನ ಬ್ಯಾಟರಿಯಲ್ಲೂ,
ಕೊಳವೆಬಾವಿ ಕೊರೆದ ಉಕ್ಕಿನ ಹಲ್ಲಲ್ಲೂ,
ನಾನು ಕೂತು ಬಂದ ವಿಮಾನದೊಳಗೆ
ಕಾದು ಕೆಂಡವಾದರೂ ಬಾಗದ ಅಲಗುಗಳಲ್ಲೂ...
ಕ್ಲೆಮ್‌ನ ಪಟ್ಟಿ ಮುಗಿಯುವ ಮೊದಲೇ
ಈನಿಡ್ ತೋಳು ಮಡಚಿ ಎದುರು ಕೂತಳು.
ಮೂರು ತಿಂಗಳಿಗೊಮ್ಮೆ ಬರುವ ನರ್ಸ್
ಈ ಸಲ ಬಂದಿಲ್ಲ.
"ನೀನು ಡಾಕ್ಟರಲ್ಲವೇ?"
"ಕುರಿಗಳಿಗೆ," ಅಂದೆ.
"ಮತ್ತೇನು, ನನ್ನದೂ ಅದೇ ಕಾಯಿಲೆ."

ಸೀಸೆಯೊಳಗೆ ಮದ್ದು ದಾಳಿಂಬೆ ಕೆಂಪು.
ಹೂಜಿಯಲ್ಲಿ ನೀಲಿಯಾದದ್ದು
ರಕ್ತಕ್ಕಿಳಿಯುವಾಗ ಹೀಗೆ.
ಚುಚ್ಚಿದೆ. ಎಷ್ಟೋ ವರ್ಷದ ಮೇಲೆ
ನೋವಾದರೆ ಹಾ ಅನ್ನುವ ಮೈಯೊಂದನ್ನು
ಮುಟ್ಟಿದ್ದೆ.

ಹೊರಡುವಾಗ ಜೇಬಿನ ಗುಂಡು ತೆಗೆದು ಕೊಟ್ಟೆ.
ಕ್ಲೆಮ್ ಅಂಗಿಗೆ ಒರೆಸಿ, ಅಂಗೈಯಲ್ಲಿ ತೂಗಿ,
"ಇನ್ನೂ ಎರಡು ಕುರಿಯ ಆಯಸ್ಸಿದೆ," ಅಂದು
ಮೊಳೆಗಳ ಡಬ್ಬಕ್ಕೆ ಹಾಕಿದ.
ಟಣ್ ಅಂತು.
ಬಲಗಡೆಯೇ ಇತ್ತು ಡಬ್ಬ. ಕೇಳಿಸಿತು ಅವನಿಗೆ.