ಮಶೀನಿನ ಹಿಂದೆ

ಭಾಂಡುಪ್ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನ ತುದಿಯಲ್ಲಿ
ಸಿಕ್ಕಿತಂತೆ ಇದು, ಹಿಂಗಾಲೊಂದನ್ನು ಹಳಿಗೆ ಕೊಟ್ಟು.
ಗಾರ್ಗಿ ಪೆಡ್ಣೇಕರ್ ಎಂಬ ಹುಡುಗಿ
ರಿಕ್ಷಾದಲ್ಲಿ ತಂದು ಇಳಿಸಿದಳು,
ಜೊತೆಗೆ ಲಸಿಕೆ ಚೀಟಿ, ಒಂದು ಹರಕು ಚಾದರ.
'ಇದನ್ನ ಒಗೀಬೇಡಿ ಮಾವಶಿ, ವಾಸನೆ ಇರಲಿ.'

ಹೊಸಿಲೆಂದರೆ ಇದಕ್ಕೆ ಗೊತ್ತಿಲ್ಲ.
ಬಾಗಿಲ ಹೊರಗೇ ಒಂದು ತಾಸು ಕೂತಿತು
ಚಪ್ಪಲಿಗಳ ಸಾಲಿನಲ್ಲಿ,
ತನ್ನನ್ನೂ ಯಾರೋ ಕಳಚಿಟ್ಟು ಹೋದ ಹಾಗೆ.
ಒಳಗೆ ಬಂದದ್ದು ನಾವು ಊಟಕ್ಕೆ ಕೂತು ಬೆನ್ನು ತಿರುಗಿಸಿದಾಗ,
ಬಂದದ್ದೇ ಬಚ್ಚಲ ಬಾಲ್ದಿಯ ಹಿಂದೆ ಸೇರಿಕೊಂಡಿತು.
ಮೂರು ದಿನ ನಮ್ಮ ಮನೆಯ ನಾಯಿ ಎಂದರೆ
ಒಂದು ನೀಲಿ ಬಾಲ್ದಿ, ಎರಡು ಕಿವಿ.

ಪೊರಕೆ ಎತ್ತಿದರೆ ಉಚ್ಚೆ.
ಕೊರಳಿನ ಟೇಪು ಕೈಗೆ ತೆಗೆದುಕೊಂಡರೆ ನಡುಕ.
ಬ್ಲೌಸಿನ ಅಳತೆಗೆ ಬಂದ ಹೆಂಗಸರನ್ನು
ಅಡುಗೆ ಕಟ್ಟೆಯ ಹತ್ತಿರ ಕರೆದೊಯ್ದು
ಕಳ್ಳರ ಹಾಗೆ ಅಳೆದೆ.

ರಾತ್ರಿ ಕಡೆಯ ಲೋಕಲ್ ದಾಟಿ
ಹಳಿ ಸುಮ್ಮನಾದ ಮೇಲೆ
ತಾಟಿನ ಸದ್ದು.
ಕತ್ತಲಲ್ಲೇ ಮಲಕಾರಿಯ ತೋಳು ಒತ್ತಿದೆ:
'ಉಣ್ಣಾಕತ್ತದ, ಕೆಮ್ಮಬ್ಯಾಡ.'
ಪಾಪ, ಕೆಮ್ಮು ಬಂದವನು
ದಿಂಬು ಕಚ್ಚಿಕೊಂಡು ಮಲಗಿದ.

ಇದಕ್ಕೆ ಬರುವುದು ಮರಾಠಿ,
ಅದರಲ್ಲೂ ಎರಡೇ ಮಾತು: ಚಲ್ ಅಂದರೆ ನಡೆ, ಬಸ್ ಅಂದರೆ ಕೂಡು.
ನಮ್ಮದು ಇಂಡಿ ಕಡೆಯ ಕನ್ನಡ.
'ಬಾ' ಎಂದು ಕರೆದರೆ ಬರುವುದಿಲ್ಲ,
ಅರ್ಧ ಕುಕ್ಕರಿಸಿ ಕಾಯುತ್ತದೆ
ನಾನು ನುಂಗಿದ ಉಳಿದರ್ಧ ಮಾತಿಗೆ.
ಒಂದು ಬೆಳಿಗ್ಗೆ ಹಾಲಿನ ಭೈಯಾನಿಗೆ
ಪಾತ್ರೆ ಹಿಡಿದು 'ಬಸ್, ಬಸ್' ಅಂದೆ.
ಹಿಂದೆ ತಟ್ಟನೆ ಸದ್ದು:
ಬಾಲ್ದಿ ಬಿಟ್ಟು ಹೊರಗೆ ಬಂದಿದ್ದದ್ದು
ನೆಲದ ನಡುವೆ ಶಿಸ್ತಾಗಿ ಕೂತಿದೆ!
ಮೂವರೂ ಗಾಬರಿ.
ಭೈಯಾ ಅರ್ಧ ಪಾವು ಹೆಚ್ಚಿಗೆ ಸುರಿದು
ದುಡ್ಡು ಬೇಡವೆಂದು ಹೋದ.

ಇಳಿಯುವಾಗ ನಾಲ್ಕು ಮಹಡಿ ತಾನೇ ಇಳಿಯುತ್ತದೆ.
ಹತ್ತುವಾಗ ಮಲಕಾರಿಯ ಹೆಗಲು.
ದಿನವಿಡೀ ಗೋಡೌನಿನಲ್ಲಿ ಮೂಟೆ ಹೊತ್ತವನು
ಮೆಟ್ಟಿಲಲ್ಲಿ ನಿಂತು ಏದುಸಿರು ಬಿಡುತ್ತ
'ಈ ಮೂಟಿ ಉಸಿರಾಡತದ ನೋಡು' ಅನ್ನುತ್ತಾನೆ.
ಸೊಸೈಟಿಯ ಸೆಕ್ರೆಟರಿ ಖಾನೋಲ್ಕರ್ ನೋಟೀಸು ಅಂಟಿಸಿದ್ದಾರೆ.
ಅಂಟು ಸರಿಯಿಲ್ಲ, ಒಂದು ಮೂಲೆ ಮಡಚಿಕೊಂಡಿದೆ.

ಗಾರ್ಗಿ ಫೋನು ಮಾಡಿ ಕೇಳುತ್ತಾಳೆ, 'ಹೊಂದಿಕೊಂಡಿತಾ?'
ಏನು ಹೇಳಲಿ?
ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ
ಟ್ರಂಕಿನ ಬೀಗದ ಕೈ
ತಾಳಿಯ ಜೊತೆಗೇ ಕಟ್ಟಿಕೊಂಡು ಮಲಗುತ್ತಿದ್ದೆ.
ಯಾವಾಗ ಬಿಚ್ಚಿಟ್ಟೆನೋ
ನನಗೇ ನೆನಪಿಲ್ಲ.

ಗಣಪತಿ ಹಬ್ಬದ ಹೊಲಿಗೆ ರಾಶಿ ಬಿದ್ದಿತ್ತು.
ಉರುಳಿದ ಬಾಬಿನ್ ಹುಡುಕಲು
ಮಶೀನು ಗೋಡೆಯಿಂದ ಸರಿಸಿದೆ.
ಹಿಂದೆ ಏಳು ತುಂಡು ಚಪಾತಿ,
ಹಪ್ಪಳದಂತೆ ಒಣಗಿ, ಒಂದರ ಮೇಲೊಂದು.
ಹೊಟ್ಟೆ ತುಂಬಾ ಉಂಡ ಮೇಲೂ
ಯಾವ ನಾಳೆಗೆ?
ಆರನ್ನು ಗುಡಿಸಿದೆ. ಏಳನೆಯದಕ್ಕೆ
ಪೊರಕೆ ಹೋಗಲಿಲ್ಲ.

ಹಬ್ಬ ಕಳೆಯಿತು. ಗುಲಾಲು ಇನ್ನೂ ರಸ್ತೆಯಲ್ಲಿ.
ಪಟಾಕಿಯ ರಾತ್ರಿ ಅದು ಬಾಲ್ದಿಯ ಹಿಂದೆ ಹೋಗದೆ
ನನ್ನ ಪೆಡಲಿನ ಕೆಳಗೆ ತೂರಿತ್ತು,
ಕಾಲು ಎತ್ತಿಕೊಂಡೇ ಬೆಳಗು ಮಾಡಿದೆ.

ಇವತ್ತು ಮತ್ತೆ ಮಶೀನು ಸರಿಸಿದೆ.
ಚಪಾತಿ ಎರಡೇ ತುಂಡು.
ಅವುಗಳ ಪಕ್ಕ ಮಲಕಾರಿಯ ಒಂಟಿ ಕಾಲುಚೀಲ,
ನಾಲ್ಕು ದಿನದಿಂದ ಹುಡುಕುತ್ತಿರುವ
ನನ್ನ ಹಿತ್ತಾಳೆ ಅಂಗುಸ್ತಾನ.
ತಿರುಗಿಸಿ ನೋಡಿದೆ, ಹಲ್ಲಿನ ಗುರುತಿಲ್ಲ.
ಇದ್ದ ಹಾಗೆಯೇ ಇಟ್ಟು
ಮಶೀನು ಗೋಡೆಗೆ ತಳ್ಳಿದೆ.

'ನನ್ನ ಕಾಲುಚೀಲ ನೋಡೀಯೇನು?'
ಬಾಗಿಲಲ್ಲಿ ಬೂಟು ಹಿಡಿದು ಮಲಕಾರಿ.
'ಇಲ್ಲ' ಅಂದೆ.
ನೆಲದ ಮೇಲೆ ಅದು ಒಂದು ಕಣ್ಣು ತೆರೆದು ಮುಚ್ಚಿತು.
ಕಾಜಾ ಹೊಲಿಯುತ್ತ ಬರಿ ಬೆರಳಿಗೆ
ಸೂಜಿ ಚುಚ್ಚಿಸಿಕೊಂಡೆ.