ಎ ಮೂರೂವರೆ

ಬುಧವಾರ, ಜುನಾ ಬಜಾರಿನ ಬಿಸಿಲಲ್ಲಿ
ಅಶ್ಪಾಕ ಬಾಗವಾನನ ತಾಡಪತ್ರಿಯ ಮೇಲೆ
ಮಿಕ್ಸರಿನ ಮೋಟಾರು, ಸ್ಕೂಟರಿನ ಕನ್ನಡಿ, ಹಿತ್ತಾಳೆಯ ಒಂಟಿ ನಲ್ಲಿ,
ಅವುಗಳ ನಡುವೆ ಅಂಗಾತ ಬಿದ್ದಿತ್ತು.
‘ಕ್ಯಾಲ್ಕ್ಯುಲೇಟರು, ದೊಡ್ಡದು’ ಅಂದ ಅಶ್ಪಾಕ.
ನಾನು ತಿದ್ದಲಿಲ್ಲ. ತಿದ್ದಿದ್ದರೆ ರೇಟು ಏರುತ್ತಿತ್ತು.
ಮುನ್ನೂರೈವತ್ತಕ್ಕೆ ಕೊಟ್ಟ,
ಕೊಸರಿಗೆ ಒಂದು ಕ್ಯಾಸೆಟ್ಟು.

ಮೂವತ್ತೊಂದು ವರ್ಷದಿಂದ ನಾನು ಹಲ್ಲು ಮಾಡುತ್ತೇನೆ.
ರಾಸ್ತಾ ಪೇಟೆ, ಡಾಕ್ಟರ್ ಬೆಹೆರೆಯವರ ದವಾಖಾನೆಯ ಹಿಂದಿನ ಕೋಣೆ;
ಕಪಾಟಿನಲ್ಲಿ ಮಂದಿಯ ಬಾಯಿಯ ಅಚ್ಚುಗಳು
ಮಾತಿಲ್ಲದೆ ತೆರೆದುಕೊಂಡು ಕೂತಿರುತ್ತವೆ.
ಇದರ ಮುಚ್ಚಳ ಬಿಚ್ಚಿದಾಗಲೂ ಹಾಗೇ ಅನಿಸಿತು,
ಯಾರದೋ ಬಾಯೊಳಗೆ ಅಪ್ಪಣೆ ಕೇಳದೆ ಬೆಳಕು ಬಿಟ್ಟ ಹಾಗೆ.
ಜಿರಳೆಯ ಮೊಟ್ಟೆ. ತುಕ್ಕು. ಒಂದು ಐದು ಪೈಸೆ.
ಹುಳುಕು ದವಡೆಯಂತೆ ಉಬ್ಬಿದ ಕೆಪ್ಯಾಸಿಟರು ನಾಲ್ಕು.

ನೀಲಾಂಬಿಕಾ ಅಂದಳು: ‘ಮಂದಿ ಬಾಯಾಗ ಹಾಕೂ ಚಿಮಟಾ
ಇದರಾಗೂ ಹಾಕ್ತೀರೇನ್ರೀ?’
ಬೇರೆ ಚಿಮಟಾ, ಅಂದೆ. ಸುಳ್ಳು.

ಕೆಪ್ಯಾಸಿಟರು ತಾಪಕೀರ ಗಲ್ಲಿಯಲ್ಲಿ ಸಿಕ್ಕವು.
‘ಯಾವ ಆಂಪ್ಲಿಫೈಯರಿಗೆ ಕಾಕಾ?’ ಅಂದ ಅಂಗಡಿಯ ಹುಡುಗ,
ಅವನಿಗೆ ನನ್ನ ಉತ್ತರ ಬೇಕಿರಲಿಲ್ಲ.
ಒಂದು ಕೀಲಿ ಮಾತ್ರ ಎಲ್ಲೂ ಸಿಗಲಿಲ್ಲ. ‘ಆರ್’.
ಮೇಲಿನ ಸಾಲಿನಲ್ಲಿ ಎಡದಿಂದ ನಾಲ್ಕನೆಯದು.

ಮದ್ದು ಬಳಿದು ಮಾಳಿಗೆಯ ಬಿಸಿಲಿಗೆ ಇಟ್ಟರೆ
ಹಳದಿ ಹೋಗುತ್ತದಂತೆ, ನಿನ್ನೆ ತಂದದ್ದರಂತೆ ಹೊಳೆಯುತ್ತದಂತೆ.
ಬೇಡ ಅನಿಸಿತು. ಎಪ್ಪತ್ತರ ಬಾಯಿಗೆ ಇಪ್ಪತ್ತರ ಹಲ್ಲು
ಹಾಕಿಸಿಕೊಂಡವರ ನಗು ನಾನು ನೋಡಿದ್ದೇನೆ.
ಬಣ್ಣದ ಪಟ್ಟಿ ತಂದು ಕೀಲಿಗಳ ಪಕ್ಕ ಹಿಡಿದೆ,
ಕಿಟಕಿಯ ಕಡೆ ತಿರುಗಿಸಿದೆ, ಕಣ್ಣು ಕಿರಿದು ಮಾಡಿದೆ:
ಎ ಎರಡಲ್ಲ, ಎ ಮೂರಲ್ಲ,
ಎ ಮೂರೂವರೆ.
ಬೀಡಿ ಮುಟ್ಟದ, ಚಹಾ ಬಿಡದ, ಅರವತ್ತರ ಆಸುಪಾಸಿನ ಹಲ್ಲು.
ಪಕ್ಕದ ‘ಟಿ’ಯ ಅಚ್ಚು ತೆಗೆದು, ಅಕ್ರಿಲಿಕ್ ಎರೆದು, ಉಜ್ಜಿ,
ಸೂಜಿಯಿಂದ ಅಕ್ಷರ ಕೊರೆದು ಮಸಿ ತುಂಬಿದೆ.
ಕೂತಿತು. ಅಲುಗುವುದಿಲ್ಲ, ಪಕ್ಕದವರನ್ನು ಒತ್ತುವುದಿಲ್ಲ.

ಹಳೇ ಟೀವಿಯಲ್ಲಿ ನೀಲಿ ಹತ್ತಿಕೊಂಡು ಒಂದು ಚೌಕ ಮಿಟುಕಿದಾಗ
ನೀಲಾಂಬಿಕಾ ಗ್ಯಾಸು ಸಣ್ಣದು ಮಾಡಿ ಬಂದು ನಿಂತಳು.
ಕ್ಯಾಸೆಟ್ಟು ಹಾಕಿದೆ.
ಹುಡುಕುತ್ತಿದ್ದೇನೆ, ಅಂದಿತು. ಸಿಕ್ಕಿತು, ಅಂದಿತು.
ಅರ್ಧ ದಾರಿಯಲ್ಲಿ, ತಪ್ಪು, ಅಂದಿತು.
ಹೆಡ್ಡು ಸ್ಪಿರಿಟ್ಟಿನಲ್ಲಿ ಒರೆಸಿದೆ. ತಪ್ಪು.
ಬೆಲ್ಟು ಬದಲಿಸಿದೆ. ತಪ್ಪು.
ಹನ್ನೊಂದು ಸಲ, ಅದೇ ಜಾಗ.

ಸಿಟ್ಟಿನಲ್ಲಿ ಅದನ್ನು ಕಿತ್ತು
ಅತ್ತೆಯ ಭಜನೆಯ ಟೇಪ್ ರೆಕಾರ್ಡರಿಗೆ ತುರುಕಿದೆ.
ಕೀರಲು. ನನಗೆ ಹೊಸದಲ್ಲ, ದಿನಾ ಕೇಳುವ ಡ್ರಿಲ್ಲಿನದೇ ದೂರದ ನೆಂಟ.
ಎಷ್ಟೋ ಹೊತ್ತು ಅದೇ. ಆಮೇಲೆ ಟಕ್ಕೆಂದು ಯಾರೋ ಗುಂಡಿ ಒತ್ತಿದ ಸದ್ದು,
ಒಂದು ಕೋಣೆ. ಫ್ಯಾನು. ಬಚ್ಚಲಲ್ಲಿ ಪಾತ್ರೆ.
ಒಬ್ಬ ಹೆಂಗಸು:
‘ಬಂಡ್ಯಾ, ಚಹಾ ಗಾರ ಹೋತೋಯ್ ರೇ.’
ಒಬ್ಬ ಹುಡುಗ: ‘ಆಲೋ.’
ಟಕ್. ಮತ್ತೆ ಕೀರಲು.

ನಾಲ್ಕು ಸೆಕೆಂಡು.
ಆರಿಹೋಗುತ್ತಿರುವ ಚಹಾ ಯಂತ್ರಕ್ಕೆ ಅರ್ಥವಾಗಲಿಲ್ಲ, ಅಷ್ಟೇ ಆದದ್ದು.
ಬಂಡ್ಯಾ ಬರೆದದ್ದು ಆಟವೋ, ಮನೆಯ ಹಾಲಿನ ಲೆಕ್ಕವೋ,
ಇನ್ನು ಹೇಳುವವರಿಲ್ಲ.
‘ಹಿಂದಕ್ಕ ತಿರುಗಸ್ರೀ’ ಅಂದಳು ನೀಲಾಂಬಿಕಾ.
ತಿರುಗಿಸಿದೆ. ಕೇಳಿದಳು. ಮತ್ತೊಮ್ಮೆ.
‘ಆಕೀ ಪುಣೇದಾಕೀ ಅಲ್ಲ. ಸಾತಾರಾ ಕಡಿಯಾಕಿ.’
ಅಷ್ಟು ಹೇಳಿ ಒಳಗೆ ಹೋದಳು, ಸಾರು ಉಕ್ಕಿತ್ತು.

ಕ್ಯಾಸೆಟ್ಟು ಈಗ ಟೇಪ್ ರೆಕಾರ್ಡರಿನಲ್ಲೇ ಇದೆ.
‘ಆರ್’ ಇದೆ ತನ್ನ ಜಾಗದಲ್ಲಿ. ‘ರನ್’ ಅನ್ನಲಿಕ್ಕೆಂದು ಮಾಡಿದ್ದು;
ಓಡಿಸಲು ಒಳಗೇನೂ ಇಲ್ಲ.
ರಾತ್ರಿ ದೀಪ ಆರಿಸುವ ಮುಂಚೆ ಒಂದು ಸಲ ಒತ್ತುತ್ತೇನೆ,
ಹೊಸ ಹಲ್ಲನ್ನು
ನಾಲಿಗೆ ಹೋಗಿ ಹೋಗಿ ಮುಟ್ಟಿ ಬರುವಂತೆ.