ಏಳನೆಯ ಸಾಲು

ಡೆಡ್ಜಾದ ಇಳಿಜಾರಿನಲ್ಲಿ ಆರು ಸಾಲು ಬೀನ್ಸ್,
ಸಾಲಿಗೊಂದು ಗೂಟ, ಗೂಟಕ್ಕೊಂದು ನಂಬರು,
ನಂಬರಿನ ಕೆಳಗೆ ಬಾಯ್ತೆರೆದ ಬಟ್ಟೆಚೀಲ.
ಮಾರ್ಚಿನ ಕೊನೆ. ಕಾಯಿ ಅರ್ಧ ಒಣಗಿ, ಎಲೆ ಅರ್ಧ ಹಸಿರು.
ಮೂವತ್ತೊಂದು ಜನಕ್ಕೆ ತಲಾ ಮೂರು
ಮೆಕ್ಕೆಜೋಳದ ಕಾಳು ಹಂಚಿದೆ:
ಇದೇ ನಿಮ್ಮ ಮತ. ಮೆಚ್ಚಿದ ಸಾಲಿಗೆ ಹಾಕಿ.
‘ಜನರ ಪಾಲ್ಗೊಳ್ಳುವಿಕೆ’ ಎಂದು
ಫಾರಮಿನ ನೆತ್ತಿಯಲ್ಲಿ ದಪ್ಪಕ್ಷರ.

ನಾಲ್ಕನೆಯದು ಗೆಲ್ಲುವುದೆಂದು
ಲಿಲಾಂಗ್ವೆಯ ಆಫೀಸಿಗೆ ಮೊದಲೇ ಗೊತ್ತಿತ್ತು.
ವರದಿಯ ಮುಕ್ಕಾಲು ಪಾಲು ನನ್ನ ಚೀಲದಲ್ಲೇ ಇತ್ತು,
ಅಂಕಿಯಷ್ಟಗಲ ಜಾಗ ಖಾಲಿ ಬಿಟ್ಟು.

ಗಂಡಸರು ಕಾಯಿ ಎಣಿಸಿದರು,
ಅಂಗೈಯಲ್ಲೇ ತೂಗಿದರು.
ಹೆಂಗಸರು ಎಲೆ ಹರಿದರು,
ಹಿಚುಕಿದರು, ಮೂಸಿದರು,
ಒಬ್ಬಳು ಅಗಿದು ಉಗಿದಳು: ನಾಲ್ಕನೆಯ ಸಾಲಿನದು.
“ಬರೆದುಕೋ” ಅಂದಳು ಫಲೇಸಿ,
ಬೆನ್ನಿನ ಕೂಸನ್ನು ಮೇಲಕ್ಕೆ ಜಗ್ಗಿ,
“ಜನವರಿಯಲ್ಲಿ ಕಣಜ ಬರಿದು, ಕಾಯಿ ಇನ್ನೂ ಹೂವು.
ಆಗ ನಾವು ಉಣ್ಣುವುದು ಈ ಗಿಡದ ಸೊಪ್ಪು.”
ಹುಡುಕಿದೆ. ಇಳುವರಿಗೆ ಕಾಲಂ ಇತ್ತು,
ರೋಗಕ್ಕೆ, ಬಣ್ಣಕ್ಕೆ, ಮಾರುಕಟ್ಟೆಯ ದರಕ್ಕೆ.
ಸೊಪ್ಪಿಗೆ ಇರಲಿಲ್ಲ.

ಮುದುಕಿ ನಾಚಿಸಾಲೆ ಮಾತ್ರ
ಮೂರು ಕಾಳನ್ನೂ ಮುಷ್ಟಿಯಲ್ಲೇ ಬಿಗಿಹಿಡಿದು ಕೂತಳು.
“ಬೇಯಿಸದೆ ಹೇಗೆ ಹೇಳಲಿ?
ಅಳಿಯನನ್ನೂ ಹೀಗೇ ದೂರದಿಂದ ನೋಡಿ
ಮನೆ ತುಂಬಿಸಿಕೊಳ್ಳುತ್ತೀರಾ?”

ಜೀಪು ನಾಲ್ಕಕ್ಕೆ ಹೊರಡಬೇಕಿತ್ತು.
ಹದಿನೆಂಟು ಒಲೆಗಲ್ಲು ಬಂದವು, ಆರು ಗಡಿಗೆ,
ಯಾರ ಮನೆಯಿಂದ ಎಷ್ಟು ಸೌದೆ ಎಂಬ ಜಗಳವೂ ಬಂತು.
ಮೊದಲು ಚಕ್ಕಳಮಕ್ಕಳ ಹಾಕಿದವನು
ನಮ್ಮ ಡ್ರೈವರ್ ಕಚಿಂಗ್ವೆ.
ನಾಲ್ಕನೆಯ ಗಡಿಗೆ
ಕಂತೆಗಟ್ಟಲೆ ಸೌದೆ ನುಂಗಿಯೂ ಕಲ್ಲು.
ಎರಡನೆಯದು ಒಂದೇ ಕುದಿಗೆ
ಬೆಣ್ಣೆಯ ಹಾಗೆ ಸೋತಿತು.

ಮತ ಬಿದ್ದದ್ದು ಕತ್ತಲಾದ ಮೇಲೆ.
ಜೀಪಿನ ದೀಪದೆದುರು ಚಾಪೆ ಹಾಸಿ ಎಣಿಸಿದೆವು.
ತೊಂಬತ್ತಮೂರು ಇರಬೇಕು. ಇತ್ತು ತೊಂಬತ್ತನಾಲ್ಕು.
ಮತ್ತೆ ಎಣಿಸಿದೆ. ಮತ್ತೂ.
ಹೆಚ್ಚಿನದು ಜೋಳವೇ ಅಲ್ಲ—
ಹಕ್ಕಿಮೊಟ್ಟೆಯ ಹಾಗೆ ಚುಕ್ಕೆ ಚುಕ್ಕೆಯ
ಒಂದು ಬೀನ್ಸ್ ಕಾಳು,
ನಮ್ಮ ಆರರಲ್ಲಿ ಯಾವುದೂ ಅಲ್ಲದ್ದು.

ಯಾರದ್ದೆಂದೆ. ಯಾರೂ ಉಸಿರೆತ್ತಲಿಲ್ಲ.
ನಾಚಿಸಾಲೆ ತನ್ನ ಚಿತೆಂಜೆಯ ತುದಿಯ ಗಂಟನ್ನು
ಬಿಗಿಮಾಡುತ್ತಿದ್ದಳು, ತೀರಾ ನಿಧಾನವಾಗಿ.
“ಅಸಿಂಧು” ಎಂದರು ಸಾಹೇಬರು, ಆಕಳಿಸುತ್ತ.

ವರದಿ ಹೋದದ್ದು ಮೂರು ವಾರ ತಡವಾಗಿ.
ಅಂಚಿನಲ್ಲಿ ಕೈಯಾರೆ ಎರಡು ಕಾಲಂ ಎಳೆದಿದ್ದೆ:
ಸೊಪ್ಪು. ಸೌದೆ.
ಸ್ಕೇಲು ಸಿಗಲಿಲ್ಲ, ಗೆರೆ ಸೊಟ್ಟ.
ಚುಕ್ಕೆಯ ಕಾಳು ಎಲ್ಲೂ ಕೂರದೆ
ಅಂಗಿಯ ಜೇಬಿನಲ್ಲೇ ಉಳಿದು
ಒಗೆತಕ್ಕೆ ಸಿಕ್ಕಿ ಮೊಳೆಯಿತು.

ಜನವರಿಯಲ್ಲಿ ಮತ್ತೆ ಹೋದೆ.
ಏಳನೆಯ ಗೂಟವೊಂದು ನಿಂತಿತ್ತು, ನಂಬರಿಲ್ಲದ್ದು.
ಅದರ ಬುಡದಲ್ಲಿ ಕೂತು ಫಲೇಸಿ
ಎಳೆ ಎಲೆ ಚಿವುಟುತ್ತಿದ್ದಳು.
“ಚೀಲ ತಂದೆಯಾ?” ಎಂದಳು,
ತಲೆ ಎತ್ತದೆ.